ಡಿಎನ್‌ಎ ರಚನೆ: ಬಾಯಿಪಾಠ ಬಿಡಿ, ಪೆನ್ಸಿಲ್ ಹಿಡಿಯಿರಿ

ಡಿಎನ್‌ಎ ಬಗ್ಗೆ ಏನೇ ಬರೆದರೂ ಓದುಗರಿಂದ ತಿರುಗಿ ಬರುವ ಪ್ರಶ್ನೆಗಳು ಮೂರೇ ಮೂರು. ನ್ಯೂಕ್ಲಿಯೋಟೈಡ್ ಅಂದರೂ ಬೇಸ್ ಅಂದರೂ ಒಂದೇ ಅಲ್ಲವೇ? 5 ಪ್ರೈಮ್, 3 ಪ್ರೈಮ್ ಅಂತಾರಲ್ಲ, ಅದೇನು? ಎದುರಿನ ಎಳೆಯನ್ನು ತಿರುಗಿಸಿ ಏಕೆ ಬರೆಯಬೇಕು? ಮೂರಕ್ಕೂ ಬಿಡಿಬಿಡಿಯಾಗಿ ಉತ್ತರ ಬರೆದು ನೋಡಿದ್ದೇನೆ, ಮುಂದಿನ ತಿಂಗಳು ಅವೇ ಪ್ರಶ್ನೆ ಮತ್ತೆ ಬರುತ್ತವೆ. ಪುಸ್ತಕದಲ್ಲಿ ಬಣ್ಣದ ಏಣಿಯ ಚಿತ್ರ ನೋಡಿದಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಪುಸ್ತಕ ಮುಚ್ಚಿದರೆ ಏಣಿಯೊಂದು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಆದ್ದರಿಂದ ಈ ಸಲ ವಿವರಣೆಯ ಬದಲು ಕೈಕೆಲಸ ಕೊಡುತ್ತಿದ್ದೇನೆ. ಕೆಳಗಿನ ಕ್ರಮದಲ್ಲಿ ಒಮ್ಮೆ ನೀವೇ ಬಿಡಿಸಿ. ಒಂದೂವರೆ ಗಂಟೆಯ ಕೆಲಸ.

ಬೇಕಾದದ್ದು ಹೆಚ್ಚೇನಿಲ್ಲ: ಎರಡು ಬಿಳಿ ಹಾಳೆ, ಪೆನ್ಸಿಲ್, ರಬ್ಬರ್, ಮಿಲಿಮೀಟರ್ ಗುರುತಿರುವ ಸ್ಕೇಲ್, ಕತ್ತರಿ, ಎರಡು ಬಣ್ಣದ ಪೆನ್ನು. ರಸಾಯನಶಾಸ್ತ್ರ ಗೊತ್ತಿರಬೇಕೆಂದಿಲ್ಲ. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ರಂಜಕ ಎಂಬ ಐದು ಧಾತುಗಳ ಹೆಸರು ಕೇಳಿದ್ದರೆ ಸಾಕು. ಇಡೀ ಡಿಎನ್‌ಎ ಈ ಐದರಿಂದಲೇ ಆದದ್ದು.

ಒಂದೇ ಷರತ್ತು: ಕ್ರಮ ತಪ್ಪಿಸಬೇಡಿ. ಸುರುಳಿ ಚೆಂದವೆಂದು ಮೊದಲೇ ಅದನ್ನು ಬಿಡಿಸಲು ಕೂತವರು ದಿಕ್ಕು ತಪ್ಪುವುದು ಖಂಡಿತ.

1. ಮೊದಲು ಸಕ್ಕರೆ

ಹಾಳೆಯ ಮಧ್ಯದಲ್ಲಿ ಒಂದು ಪಂಚಭುಜ ಬಿಡಿಸಿ, ಚೂಪು ಮೂಲೆ ಮೇಲಿರಲಿ. ಇದು ಡಿಎನ್‌ಎಯ ಸಕ್ಕರೆ, ಹೆಸರು ಡಿಆಕ್ಸಿರೈಬೋಸ್. ಮೇಲಿನ ಮೂಲೆಯಲ್ಲಿ ಆಮ್ಲಜನಕ ಎಂದು ಬರೆಯಿರಿ. ಉಳಿದ ನಾಲ್ಕು ಮೂಲೆಗಳಲ್ಲಿ ಇಂಗಾಲ ಇರುತ್ತದೆ. ಆಮ್ಲಜನಕದಿಂದ ಶುರುಮಾಡಿ ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲೇ ಹೋಗಿ: ಬಲಗಡೆಯ ಮೂಲೆ 1', ಬಲಗಡೆ ಕೆಳಗಿನದು 2', ಎಡಗಡೆ ಕೆಳಗಿನದು 3', ಎಡಗಡೆಯ ಮೂಲೆ 4'. ಈಗ 4' ಮೂಲೆಯಿಂದ ಮೇಲಕ್ಕೆ ಒಂದು ಗೀಟು ಎಳೆದು ಅದರ ತುದಿಗೆ 5' ಎಂದು ಗುರುತು ಹಾಕಿ.

ಎಡವುವುದು ಇಲ್ಲೇ. ಐದು ಮೂಲೆ, ಐದು ಇಂಗಾಲ, ಸರಿಹೋಯಿತು ಎಂದು ಮೂಲೆಗೊಂದರಂತೆ ಇಂಗಾಲ ಹಂಚಿಬಿಡುತ್ತಾರೆ. ಇಂಗಾಲ ಐದು ಇರುವುದು ನಿಜ, ಆದರೆ ಐದನೆಯದು ಉಂಗುರದ ಹೊರಗಿದೆ. ಒಂದು ಮೂಲೆ ಆಮ್ಲಜನಕದ ಪಾಲು. ಈ ತಪ್ಪನ್ನು ಈಗ ತಿದ್ದಿಕೊಳ್ಳದಿದ್ದರೆ ನಾಲ್ಕನೇ ಹಂತದಲ್ಲಿ ಕೊಂಡಿ ಹಾಕಲು ಜಾಗವೇ ಸಿಗುವುದಿಲ್ಲ.

ಅಂಕಿಯ ನೆತ್ತಿಯಲ್ಲಿರುವ ಆ ಸಣ್ಣ ಗೀಟಿಗೇ ಪ್ರೈಮ್ ಎನ್ನುವುದು. ಅದರಲ್ಲಿ ಗೂಢಾರ್ಥವೇನೂ ಇಲ್ಲ. ಮುಂದಿನ ಹಂತದಲ್ಲಿ ಬರುವ ಬೇಸ್‌ನ ಪರಮಾಣುಗಳಿಗೂ 1, 2, 3 ಎಂದೇ ಅಂಕಿ ಹಾಕುವ ರೂಢಿ. ಎರಡೂ ಕಲಸಿಹೋಗಬಾರದೆಂದು ಸಕ್ಕರೆಯ ಅಂಕಿಗಳಿಗೆ ಗೀಟು ಹಾಕಿದರು. ಅಂದರೆ 5' ಎನ್ನುವುದು ಸಕ್ಕರೆಯ ಐದನೇ ಇಂಗಾಲ, 3' ಎನ್ನುವುದು ಮೂರನೆಯದು. ಅಷ್ಟು ದಿನ ಕಾಡಿದ ಪ್ರಶ್ನೆಯ ಅರ್ಧ ಉತ್ತರ ಇಷ್ಟೇ.

ಇನ್ನೆರಡು ಗುರುತು ಬಾಕಿ. 3' ಮೂಲೆಯಿಂದ ಕೆಳಕ್ಕೊಂದು ಗೀಟೆಳೆದು ಹೈಡ್ರಾಕ್ಸಿಲ್ ಎಂದು ಬರೆಯಿರಿ (ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಗುಂಪು). 2' ಮೂಲೆಗೆ ಬರೀ ಜಲಜನಕ. ಡಿಎನ್‌ಎಯ ಸೋದರ ಅಣುವಾದ ಆರ್‌ಎನ್‌ಎಯ ಸಕ್ಕರೆ ರೈಬೋಸ್‌ನಲ್ಲಿ ಆ ಜಾಗದಲ್ಲೂ ಹೈಡ್ರಾಕ್ಸಿಲ್ ಇರುತ್ತದೆ. ಇಲ್ಲಿ ಅದರ ಆಮ್ಲಜನಕ ಇಲ್ಲ, ಅದಕ್ಕೇ ಡಿಆಕ್ಸಿ ಎಂಬ ಹೆಸರು. ಒಂದೇ ಒಂದು ಆಮ್ಲಜನಕದ ವ್ಯತ್ಯಾಸ, ಆದರೆ ಪರಿಣಾಮ ಸಣ್ಣದಲ್ಲ. ಆರ್‌ಎನ್‌ಎಯ ಆ ಹೆಚ್ಚುವರಿ ಹೈಡ್ರಾಕ್ಸಿಲ್ ಪಕ್ಕದ ಕೊಂಡಿಯನ್ನೇ ಮುರಿಯಬಲ್ಲದು. ಹಾಗಾಗಿ ಆರ್‌ಎನ್‌ಎ ಬೇಗ ಹಾಳಾಗುತ್ತದೆ, ಡಿಎನ್‌ಎ ಬಾಳಿಕೆ ಬರುತ್ತದೆ.

2. ನಾಲ್ಕು ಬೇಸ್‌ಗಳು

ಬೇಸ್ ಎಂದರೆ ಪ್ರತ್ಯಾಮ್ಲ. ಉಂಗುರದಾಕಾರದ, ಸಾರಜನಕ ತುಂಬಿರುವ ಚಪ್ಪಟೆ ಅಣು. ಡಿಎನ್‌ಎಯಲ್ಲಿ ಇವು ನಾಲ್ಕು: ಅಡೆನಿನ್ (ಎ), ಗ್ವಾನಿನ್ (ಜಿ), ಸೈಟೋಸಿನ್ (ಸಿ), ಥೈಮಿನ್ (ಟಿ).

ಎ ಮತ್ತು ಜಿ ಎರಡು ಉಂಗುರದವು, ಇವಕ್ಕೆ ಪ್ಯೂರಿನ್ ಎನ್ನುತ್ತಾರೆ. ಸಿ ಮತ್ತು ಟಿ ಒಂದೇ ಉಂಗುರದವು, ಇವು ಪಿರಿಮಿಡಿನ್. ನಾನು ನೆನಪಿಟ್ಟುಕೊಳ್ಳುವುದು ಹೀಗೆ: ಹೆಸರು ಗಿಡ್ಡವಾದರೆ ಅಣು ದೊಡ್ಡದು, ಹೆಸರು ಉದ್ದವಾದರೆ ಅಣು ಚಿಕ್ಕದು.

ಪಿರಿಮಿಡಿನ್ ಬಿಡಿಸಲು ಒಂದು ಷಡ್ಭುಜ ಸಾಕು. ಪ್ಯೂರಿನ್‌ಗೆ ಒಂದು ಷಡ್ಭುಜ, ಅದರ ಒಂದು ಬದಿಗೆ ಅಂಟಿಕೊಂಡಂತೆ ಒಂದು ಪಂಚಭುಜ. ಬೇಸ್ ಕೂರುವುದು ಸಕ್ಕರೆಯ 1' ಇಂಗಾಲದ ಮೇಲೆ. ನಿಮ್ಮ ಚಿತ್ರದಲ್ಲಿ 1' ಬಲಗಡೆ ಇದೆಯಲ್ಲ, ಅಲ್ಲಿಂದ ಬಲಕ್ಕೆ ಗೀಟೆಳೆದು ಬೇಸ್ ಸೇರಿಸಿ. ಪ್ಯೂರಿನ್ ಆದರೆ ಅದರ ಪಂಚಭುಜದ ಬದಿ ಸಕ್ಕರೆಯ ಕಡೆಗಿರಬೇಕು, ಷಡ್ಭುಜ ಆಚೆಗೆ ಮುಖ ಮಾಡಿರಬೇಕು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಆಗ ಎದುರಿನ ಬೇಸ್‌ಗೆ ಕೈಚಾಚಬೇಕಾದ ಪರಮಾಣುಗಳು ಸಕ್ಕರೆಯ ಕಡೆ ಸಿಕ್ಕಿಬಿದ್ದು ಜೋಡಿಯೇ ಆಗುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ ಹೆಸರುಗಳ ಬಗ್ಗೆ ವಿಶೇಷ ಎಚ್ಚರ ಬೇಕು, ಒಂದು ಗುಣಿತಾಕ್ಷರ ಹೆಚ್ಚುಕಡಿಮೆಯಾದರೆ ವಸ್ತುವೇ ಬೇರೆ. ಥೈಮಿನ್ ಡಿಎನ್‌ಎಯ ಬೇಸ್, ಥಯಮಿನ್ ಎಂದರೆ ಬಿ1 ಜೀವಸತ್ವ. ಸೈಟೋಸಿನ್ ಬೇಸ್, ಸಿಸ್ಟೀನ್ ಪ್ರೋಟೀನಿನಲ್ಲಿರುವ ಅಮೈನೋ ಆಮ್ಲ. ಅಡೆನಿನ್ ಬರೀ ಬೇಸ್, ಅಡೆನೋಸಿನ್ ಎಂದರೆ ಅದಕ್ಕೆ ರೈಬೋಸ್ ಸಕ್ಕರೆ ಅಂಟಿದ ರೂಪ. ಅಚ್ಚಾದ ಲೇಖನಗಳಲ್ಲೂ ಇವು ಅದಲುಬದಲಾಗಿರುವುದನ್ನು ಕಂಡಿದ್ದೇನೆ.

3. ಫಾಸ್ಫೇಟ್ ಸೇರಿಸಿ

ಮಧ್ಯದಲ್ಲಿ ಒಂದು ರಂಜಕ, ಸುತ್ತ ನಾಲ್ಕು ಆಮ್ಲಜನಕ: ಇದು ಫಾಸ್ಫೇಟ್. ಇದನ್ನು ಒಂದು ಸಣ್ಣ ವೃತ್ತವಾಗಿ ಬಿಡಿಸಿ 5' ಇಂಗಾಲಕ್ಕೆ ಸೇರಿಸಿ. ವೃತ್ತದೊಳಗೆ ಒಂದು ಕಳೆಯುವ ಚಿಹ್ನೆ ಹಾಕಿ, ಏಕೆಂದರೆ ಜೀವಕೋಶದೊಳಗೆ ಇದರ ಮೇಲೆ ಋಣ ವಿದ್ಯುದಂಶ ಇರುತ್ತದೆ.

ಈಗ ಹಾಳೆಯ ಮೇಲಿರುವುದೇ ಒಂದು ನ್ಯೂಕ್ಲಿಯೋಟೈಡ್. ಮೊದಲ ಪ್ರಶ್ನೆಗೆ ಉತ್ತರವೂ ಇದೇ. ಬರೀ ಉಂಗುರ ಬೇಸ್, ಬೇಸ್ ಮತ್ತು ಸಕ್ಕರೆ ಸೇರಿದರೆ ನ್ಯೂಕ್ಲಿಯೋಸೈಡ್, ಅದಕ್ಕೆ ಫಾಸ್ಫೇಟೂ ಸೇರಿದರೆ ನ್ಯೂಕ್ಲಿಯೋಟೈಡ್. ಇಟ್ಟಿಗೆ ಎಂದು ಕರೆಯಬೇಕಾದದ್ದು ಈ ಕೊನೆಯದನ್ನು. ಸೈಡ್, ಟೈಡ್ ಎಂಬ ಕೊನೆಯಕ್ಷರಗಳ ಮೇಲೆ ಕಣ್ಣಿರಲಿ, ಪರೀಕ್ಷೆಗಳಲ್ಲಿ ಅಂಕ ಹೋಗುವುದು ಇಲ್ಲಿ.

4. ಇಟ್ಟಿಗೆಗೆ ಇಟ್ಟಿಗೆ ಕೂಡಿಸಿ ಎಳೆ ಮಾಡಿ

ಹಾಳೆಯ ಎಡ ಅಂಚಿಗೆ ಹತ್ತಿರ, ಒಂದರ ಕೆಳಗೊಂದು ನಾಲ್ಕು ನ್ಯೂಕ್ಲಿಯೋಟೈಡ್ ಬಿಡಿಸಿ. ಬೇಸ್‌ಗಳು ಮೇಲಿಂದ ಕೆಳಕ್ಕೆ ಎ, ಜಿ, ಟಿ, ಸಿ ಇರಲಿ. ಮೇಲಿನದರ 3' ಹೈಡ್ರಾಕ್ಸಿಲ್‌ನಿಂದ ಕೆಳಗಿನದರ 5' ಫಾಸ್ಫೇಟ್‌ಗೆ ದಪ್ಪ ಗೆರೆ ಎಳೆಯಿರಿ. ಈ ಕೊಂಡಿಗೆ ಫಾಸ್ಫೋಡೈಎಸ್ಟರ್ ಬಂಧ ಎಂದು ಹೆಸರು. ಹೆಸರು ಬಾಯಿ ತುಂಬುವಂತಿದ್ದರೂ ಸಂಗತಿ ಇಷ್ಟೇ, ಒಂದು ಫಾಸ್ಫೇಟ್ ಎರಡು ಕೈ ಚಾಚಿ ಎರಡು ಸಕ್ಕರೆಗಳನ್ನು ಹಿಡಿದಿದೆ.

ನಾಲ್ಕನ್ನೂ ಕೂಡಿಸಿದ ಮೇಲೆ ಎರಡು ತುದಿಗಳನ್ನು ನೋಡಿ. ಮೇಲಿನ ತುದಿಯಲ್ಲಿ ಯಾರಿಗೂ ಕೈ ಕೊಡದ ಒಂದು 5' ಫಾಸ್ಫೇಟ್, ಕೆಳಗಿನ ತುದಿಯಲ್ಲಿ ಹಾಗೇ ಉಳಿದ ಒಂದು 3' ಹೈಡ್ರಾಕ್ಸಿಲ್. ಎರಡು ತುದಿ ಒಂದೇ ಥರ ಇಲ್ಲ. ಎಳೆಗೆ ದಿಕ್ಕು ಬಂದದ್ದು ಹೀಗೆ, ಮತ್ತು 5' ತುದಿ, 3' ತುದಿ ಎಂಬ ಮಾತಿನ ಪೂರ್ತಿ ಅರ್ಥವೂ ಇದೇ. ನಿಮ್ಮ ಎಳೆಯನ್ನು ಬರೆಯುವ ಕ್ರಮ: 5'-ಎ ಜಿ ಟಿ ಸಿ-3'. ತುದಿಯ ಗುರುತು ಇಲ್ಲದೆ ಬರೀ ಅಕ್ಷರ ಬರೆದಿದ್ದರೆ ಎಡಗಡೆ 5' ಎಂದೇ ತಿಳಿಯುವುದು ರೂಢಿ.

ಜೀವಕೋಶ ಡಿಎನ್‌ಎ ಕಟ್ಟುವಾಗಲೂ ಈ ದಿಕ್ಕನ್ನು ಬಿಟ್ಟು ಕದಲುವುದಿಲ್ಲ. ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಹೊಸ ಇಟ್ಟಿಗೆಯನ್ನು 3' ತುದಿಗೆ ಮಾತ್ರ ಸೇರಿಸಬಲ್ಲದು. ಬರುವ ಇಟ್ಟಿಗೆ ಒಂದರ ಬದಲು ಮೂರು ಫಾಸ್ಫೇಟ್ ಹೊತ್ತು ಬರುತ್ತದೆ. ಎರಡನ್ನು ಕಳಚಿ ಎಸೆದಾಗ ಸಿಗುವ ಶಕ್ತಿಯಲ್ಲಿ ಕೊಂಡಿ ಕೂಡುತ್ತದೆ. ಅಂದರೆ ಪ್ರತಿಯೊಂದು ಇಟ್ಟಿಗೆಯೂ ತನ್ನ ಬೆಸುಗೆಯ ಖರ್ಚನ್ನು ತಾನೇ ತರುತ್ತದೆ.

ದಪ್ಪ ಗೆರೆಯ ಈ ಸಕ್ಕರೆ-ಫಾಸ್ಫೇಟ್ ಸರಣಿಗೆ ಬೆನ್ನೆಲುಬು ಎನ್ನುತ್ತಾರೆ. ಇದು ಎಲ್ಲ ಡಿಎನ್‌ಎಯಲ್ಲೂ ಒಂದೇ ಥರ. ಬದಲಾಗುವುದು ಬೇಸ್‌ಗಳ ಸಾಲು ಮಾತ್ರ, ಮಾಹಿತಿ ಇರುವುದೂ ಅದರಲ್ಲೇ. ನಾಲ್ಕೇ ಅಕ್ಷರದಲ್ಲಿ ಎಷ್ಟು ತಾನೇ ಹೇಳಲು ಸಾಧ್ಯ ಎಂದು ಅನುಮಾನವಿದ್ದರೆ ಲೆಕ್ಕ ಹಾಕಿ: ಬರೀ 10 ಅಕ್ಷರದ ಎಳೆಯನ್ನು 10,48,576 ಬಗೆಯಲ್ಲಿ ಬರೆಯಬಹುದು.

ಡಿಎನ್‌ಎಯಲ್ಲಿ ಇಂಥ ಎರಡು ಎಳೆಗಳು ಜೋಡಿಯಾಗಿರುತ್ತವೆ: ಬೆನ್ನೆಲುಬು ಹೊರಗೆ, ಬೇಸ್‌ಗಳು ಒಳಗೆ. ಇದನ್ನು ಈಗಲೇ ಮನಸ್ಸಿಗೆ ಹಾಕಿಕೊಳ್ಳಿ. ಫಾಸ್ಫೇಟ್‌ಗಳೆಲ್ಲ ಋಣ ವಿದ್ಯುದಂಶ ಹೊತ್ತಿವೆ, ನಡುವೆ ಗುಂಪುಗೂಡಿಸಿದರೆ ಒಂದನ್ನೊಂದು ತಳ್ಳಿ ರಚನೆಯೇ ಸಿಡಿದುಹೋಗುತ್ತದೆ. ಲೈನಸ್ ಪೌಲಿಂಗ್‌ರಂಥ ಮಹಾ ರಸಾಯನಶಾಸ್ತ್ರಜ್ಞರೇ 1953ರ ಆರಂಭದಲ್ಲಿ ಮೂರು ಎಳೆಗಳ, ಫಾಸ್ಫೇಟ್ ಒಳಗಿರುವ ಮಾದರಿ ಪ್ರಕಟಿಸಿ ಎಡವಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಿಎನ್‌ಎಯ ಕ್ಷ-ಕಿರಣ ಚಿತ್ರ ತೆಗೆಯುತ್ತಿದ್ದ ರೋಸಲಿಂಡ್ ಫ್ರಾಂಕ್ಲಿನ್ ಫಾಸ್ಫೇಟ್‌ಗಳು ಹೊರಗೇ ಇರಬೇಕು ಎಂದು ಅದಕ್ಕೂ ಮೊದಲೇ ಹೇಳಿದ್ದರು.

5. ಎದುರಿನ ಎಳೆ: ಎಲ್ಲರೂ ಜಾರುವ ಮೆಟ್ಟಿಲು

ಎರಡು ನಿಯಮ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಮತ್ತು ಎರಡನೇ ಎಳೆ ಮೊದಲನೆಯದಕ್ಕೆ ವಿರುದ್ಧ ದಿಕ್ಕಿನಲ್ಲಿ ಓಡುತ್ತದೆ.

ಮೊದಲನೆಯದಕ್ಕೆ ಕಾರಣ ಅಳತೆ. ನಿಮ್ಮ ಎಳೆಯ ಎ ಎರಡು ಉಂಗುರದ್ದು, ಅದರ ಎದುರಿಗೆ ಒಂದು ಉಂಗುರದ ಟಿ. ಒಟ್ಟು ಮೂರು. ಜಿ ಎದುರಿಗೆ ಸಿ, ಅಲ್ಲೂ ಮೂರು. ಹೀಗೆ ಎಲ್ಲ ಮೆಟ್ಟಿಲುಗಳ ಅಗಲವೂ ಒಂದೇ ಆಗುತ್ತದೆ. ಎರಡು ಪ್ಯೂರಿನ್ ಎದುರುಬದುರಾದರೆ ಎಳೆಗಳು ಉಬ್ಬುತ್ತವೆ, ಎರಡು ಪಿರಿಮಿಡಿನ್ ಆದರೆ ಕೈಗೆ ಕೈ ಎಟುಕುವುದಿಲ್ಲ. ಹಾಗಾದರೆ ಎ ಎದುರಿಗೆ ಸಿ ಏಕಾಗಬಾರದು, ಅಲ್ಲೂ ಮೂರೇ ಉಂಗುರವಲ್ಲವೇ? ಉಂಗುರದ ಲೆಕ್ಕ ಸರಿಹೋಗುತ್ತದೆ, ಆದರೆ ಕೊಡುವ ಕಡೆ ಕೊಡುವ ಪರಮಾಣುವೇ, ತೆಗೆದುಕೊಳ್ಳುವ ಕಡೆ ತೆಗೆದುಕೊಳ್ಳುವ ಪರಮಾಣುವೇ ಎದುರಾಗಿಬಿಡುತ್ತವೆ. ಜಲಜನಕವನ್ನು ಒಬ್ಬರು ಚಾಚಬೇಕು, ಇನ್ನೊಬ್ಬರು ಸೆಳೆದುಕೊಳ್ಳಬೇಕು. ಆಗಷ್ಟೇ ಜೋಡಿ.

ಡಿಎನ್‌ಎಯ ರಚನೆ ಹುಡುಕುತ್ತಿದ್ದ ವಿಜ್ಞಾನಿ ಜೇಮ್ಸ್ ವಾಟ್ಸನ್ ಇದನ್ನು ಕಂಡುಕೊಂಡದ್ದು 1953ರ ಫೆಬ್ರವರಿ ಕೊನೆಯಲ್ಲಿ, ರಟ್ಟಿನಲ್ಲಿ ಬೇಸ್‌ಗಳ ಆಕಾರ ಕತ್ತರಿಸಿ ಮೇಜಿನ ಮೇಲೆ ಸರಿಸಾಡುತ್ತ. ಮೊದಲು ಅವರು ಎ ಎದುರಿಗೆ ಎ, ಜಿ ಎದುರಿಗೆ ಜಿ ಎಂದು ಜೋಡಿಸಲು ಹೆಣಗಿದ್ದರು. ಅವರು ಪುಸ್ತಕದಿಂದ ತೆಗೆದುಕೊಂಡ ಬೇಸ್‌ಗಳ ರೂಪವೇ ತಪ್ಪು, ಜಲಜನಕ ಇರುವ ಜಾಗ ಬೇರೆ ಎಂದು ತಿದ್ದಿದವರು ಅದೇ ಕೋಣೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಜೆರ್ರಿ ಡೊನೊಹ್ಯು. ವಾಟ್ಸನ್ ಮತ್ತು ಅವರ ಜೊತೆಗಾರ ಫ್ರಾನ್ಸಿಸ್ ಕ್ರಿಕ್‌ರ ಲೇಖನ ಏಪ್ರಿಲ್ 25ರಂದು ನೇಚರ್ ಪತ್ರಿಕೆಯಲ್ಲಿ ಬಂತು. ಕೈಯಲ್ಲಿ ಹಿಡಿದು ಹೊಂದಿಸಿ ನೋಡುವುದನ್ನು ಮಕ್ಕಳಾಟ ಎನ್ನುವವರಿಗೆ ನಾನು ಈ ರಟ್ಟಿನ ಕತೆ ಹೇಳುತ್ತೇನೆ.

ಎರಡನೇ ನಿಯಮವನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡುವುದು ಸುಲಭ. ಸಕ್ಕರೆಯ ಪಂಚಭುಜವನ್ನು ಇನ್ನೊಂದು ಚೂರು ಕಾಗದದ ಮೇಲೆ ಅಂಕಿಗಳ ಸಮೇತ ಬಿಡಿಸಿ ಕತ್ತರಿಸಿಕೊಳ್ಳಿ. ಅದನ್ನು ಬಲಗಡೆಯ ಎಳೆಯ ಜಾಗದಲ್ಲಿಡಿ. ಈಗ ಅದರ 1' ಎಡಕ್ಕೆ, ಅಂದರೆ ಬೇಸ್‌ನ ಕಡೆಗೆ, ಮುಖ ಮಾಡಬೇಕು. ಚೂರನ್ನು ಮೇಜಿನಿಂದ ಎತ್ತದೆ ಅರ್ಧ ಸುತ್ತು ತಿರುಗಿಸಿ. 1' ಎಡಕ್ಕೆ ಬಂತು. ಜೊತೆಗೇ ಆಮ್ಲಜನಕ ಕೆಳಗಾಯಿತು, 5' ಕೆಳಕ್ಕೆ ಹೋಯಿತು, 3' ಮೇಲಕ್ಕೆ ಬಂತು. ಬಲಗಡೆಯ ಎಳೆ ತಲೆಕೆಳಗಾಗಿ ಓಡುವುದು ಹೀಗೆ. ಇದಕ್ಕೆ ಪ್ರತಿಸಮಾಂತರ ಎನ್ನುತ್ತಾರೆ. ಪಕ್ಕಪಕ್ಕದಲ್ಲಿ ಆದರೆ ಎದುರುಬದುರು ದಿಕ್ಕಿನಲ್ಲಿ, ರಸ್ತೆಯ ಎರಡು ಬದಿಯ ವಾಹನಗಳ ಹಾಗೆ.

ಚೂರನ್ನು ತಿರುಗಿಸುವ ಬದಲು ಮಗುಚಿ ಹಾಕಿದರೆ ಕನ್ನಡಿಯ ಬಿಂಬ ಬರುತ್ತದೆ. ಆಗಲೂ 1' ಎಡಕ್ಕೆ ಬರುತ್ತದೆ, 5' ಮಾತ್ರ ಮೇಲೆಯೇ ಉಳಿಯುತ್ತದೆ. ನೋಡಲು ಚೆಂದ, ಆದರೆ ತಪ್ಪು. ನಾನು ಎಷ್ಟೋ ಕಾಲ ಎರಡೂ ಎಳೆಗಳ ನೆತ್ತಿಗೆ 5' ಬರೆಯುತ್ತಿದ್ದೆ, ಎಡಗಡೆಯ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ಬಲಗಡೆಗೆ ಇಳಿಸುತ್ತಿದ್ದದ್ದೇ ಕಾರಣ.

ನಿಮ್ಮ ಹಾಳೆಯ ಬಲಗಡೆ ಮೇಲಿಂದ ಕೆಳಕ್ಕೆ ಟಿ, ಸಿ, ಎ, ಜಿ ಬರಬೇಕು, ಮೇಲೆ 3', ಕೆಳಗೆ 5'. ಇದನ್ನು ರೂಢಿಯಂತೆ 5'ನಿಂದ ಬರೆದರೆ: 5'-ಜಿ ಎ ಸಿ ಟಿ-3'. ಮೂರನೇ ಪ್ರಶ್ನೆ ಅಲ್ಲಿಗೆ ಮುಗಿಯಿತು. ತಿರುಗಿಸಿ ಬರೆಯುವುದು ಯಾರದೋ ಹಟವಲ್ಲ, ಎಳೆ ಇರುವುದೇ ಹಾಗೆ.

6. ನಡುವೆ ಚುಕ್ಕೆಗೆರೆ

ಎ-ಟಿ ನಡುವೆ ಎರಡು ಚುಕ್ಕೆಗೆರೆ, ಜಿ-ಸಿ ನಡುವೆ ಮೂರು. ಇವು ಜಲಜನಕ ಬಂಧಗಳು. ದಪ್ಪ ಗೆರೆ ಎಳೆಯಬೇಡಿ. ಬೆನ್ನೆಲುಬಿನ ಕೊಂಡಿ ಗಟ್ಟಿ, ಇದು ಸಡಿಲ. ಅಂಗಿಯ ಹೊಲಿಗೆಗೂ ಗುಂಡಿಗೂ ಇರುವ ವ್ಯತ್ಯಾಸ ಎಂದುಕೊಳ್ಳಿ. ಗುಂಡಿ ಬಿಚ್ಚಿದರೆ ಬಟ್ಟೆ ಹರಿಯುವುದಿಲ್ಲ. ಕೋಶ ಡಿಎನ್‌ಎಯನ್ನು ನಕಲು ಮಾಡುವಾಗ, ಓದುವಾಗ ಬಿಚ್ಚುವುದು ಈ ಗುಂಡಿಗಳನ್ನೇ. ಪ್ರಯೋಗಾಲಯದಲ್ಲಿ ಡಿಎನ್‌ಎಯ ನಕಲುಗಳನ್ನು ತೆಗೆಯುವ ಪಿಸಿಆರ್ ಯಂತ್ರ 94-95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಾಡುವುದೂ ಅದನ್ನೇ. ಎಳೆಗಳು ಬೇರೆಯಾಗುತ್ತವೆ, ತುಂಡಾಗುವುದಿಲ್ಲ.

ಎಳೆಗಳನ್ನು ಒಟ್ಟಿಗೆ ಹಿಡಿದಿರುವುದು ಜಲಜನಕ ಬಂಧ ಎಂದು ಅಲ್ಲಿಗೇ ನಿಲ್ಲಿಸುವ ಪಾಠಗಳ ಮೇಲೆ ನನಗೊಂದು ತಕರಾರಿದೆ. ಸುರುಳಿಯ ಗಟ್ಟಿತನದ ದೊಡ್ಡ ಪಾಲು ಬರುವುದು ಪೇರಿಕೆಯಿಂದ. ಚಪ್ಪಟೆ ಬೇಸ್ ಜೋಡಿಗಳು ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ ಒಂದರ ಮೇಲೊಂದು ಕೂತು ಪರಸ್ಪರ ಸೆಳೆಯುತ್ತವೆ. ಬೇಸ್‌ಗಳ ಚಪ್ಪಟೆ ಮುಖಕ್ಕೆ ನೀರೆಂದರೆ ಆಗದು, ಸಕ್ಕರೆ ಫಾಸ್ಫೇಟ್‌ಗಳಿಗೆ ನೀರು ಇಷ್ಟ. ಹೀಗಾಗಿ ಬೇಸ್‌ಗಳು ಒತ್ತಾಗಿ ಒಳಗೆ ಸರಿಯುತ್ತವೆ, ಬೆನ್ನೆಲುಬು ನೀರಿನ ಕಡೆ ನಿಲ್ಲುತ್ತದೆ. ಯಾರು ಯಾರ ಜೊತೆ ಎಂದು ತೀರ್ಮಾನಿಸುವ ಕೆಲಸದಲ್ಲಿ ಮಾತ್ರ ಜಲಜನಕ ಬಂಧದ್ದೇ ಕಾರುಬಾರು.

7. ತಿರುಚಿ

ಎರಡನೇ ಹಾಳೆಯಿಂದ 2 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಉದ್ದ 15 ಸೆಂಟಿಮೀಟರ್ ಇರಲಿ. ಎರಡು ಅಂಚುಗಳಿಗೆ ಎರಡು ಬಣ್ಣ ಹಚ್ಚಿ, ಅವೇ ಬೆನ್ನೆಲುಬುಗಳು. ಪ್ರತಿ 3.4 ಮಿಲಿಮೀಟರಿಗೆ ಒಂದು ಅಡ್ಡಗೆರೆ ಎಳೆಯಿರಿ, ಅವು ಬೇಸ್ ಜೋಡಿಗಳು. ಈ ಅಳತೆ ಸುಮ್ಮನೆ ಕೊಟ್ಟದ್ದಲ್ಲ. ನಿಜವಾದ ಡಿಎನ್‌ಎ ಸುರುಳಿಯ ಅಗಲ ಸುಮಾರು 2 ನ್ಯಾನೋಮೀಟರ್, ಜೋಡಿಯಿಂದ ಜೋಡಿಗೆ ಅಂತರ 0.34 ನ್ಯಾನೋಮೀಟರ್. (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರ್.) ನಿಮ್ಮ ಪಟ್ಟಿ ಅದರ ಒಂದು ಕೋಟಿ ಪಟ್ಟು.

ಈಗ ಎರಡು ತುದಿ ಹಿಡಿದು ತಿರುಚಿ. ಸುಮಾರು ಹತ್ತೂವರೆ ಅಡ್ಡಗೆರೆಗೆ, ಅಂದರೆ ಮೂರೂವರೆ ಸೆಂಟಿಮೀಟರ್ ಚಿಲ್ಲರೆಗೆ, ಒಂದು ಪೂರ್ತಿ ಸುತ್ತು ಬರಬೇಕು. ಕಾಗದ ತುಸು ಹಟ ಮಾಡುತ್ತದೆ, ನಿಧಾನ.

ಸುತ್ತಿನ ದಿಕ್ಕು ನೋಡಿ. ಪಟ್ಟಿಯನ್ನು ನೆಟ್ಟಗೆ ಹಿಡಿದಾಗ ನಿಮಗೆ ಎದುರಾಗಿ ಕಾಣುವ ಅಂಚು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹತ್ತಬೇಕು. ಅದು ಬಲಸುರುಳಿ, ಡಿಎನ್‌ಎಯ ಮಾಮೂಲಿ ರೂಪ. ಬಲಗಡೆ ಕೆಳಗಿನಿಂದ ಎಡಕ್ಕೆ ಹತ್ತುತ್ತಿದ್ದರೆ ಬಿಚ್ಚಿ ಇನ್ನೊಂದು ಕಡೆಗೆ ತಿರುಚಿ. ಪಟ್ಟಿಯನ್ನು ತಲೆಕೆಳಗು ಮಾಡಿ ನೋಡಿದರೂ ಬಲಸುರುಳಿ ಬಲಸುರುಳಿಯೇ. ಕನ್ನಡಿಯಲ್ಲಿ ನೋಡಿದರೆ ಮಾತ್ರ ಎಡವಾಗುತ್ತದೆ. ಪುಸ್ತಕದ ಮುಖಪುಟಗಳಲ್ಲಿ, ಲಾಂಛನಗಳಲ್ಲಿ ಎಡಸುರುಳಿ ಡಿಎನ್‌ಎ ಧಾರಾಳವಾಗಿ ಕಾಣಸಿಗುತ್ತದೆ. ಚಿತ್ರವನ್ನು ವಿನ್ಯಾಸಕ್ಕೆ ಹೊಂದಲೆಂದು ಎಡಬಲ ಮಗುಚಿದರೆ ಆಗುವುದು ಅದೇ. ಒಮ್ಮೆ ಕಣ್ಣು ಪಳಗಿತೆಂದರೆ ಇವು ಅಲ್ಲಲ್ಲಿ ಚುಚ್ಚತೊಡಗುತ್ತವೆ, ಅದಕ್ಕೆ ನಾನು ಹೊಣೆಯಲ್ಲ. ಜೆಡ್-ಡಿಎನ್‌ಎ ಎಂಬ ಎಡಸುರುಳಿ ರೂಪವೂ ಇದೆ ನಿಜ, ಆದರೆ ಅದರ ಆಕಾರ ಅಂಕುಡೊಂಕು. ಮುಖಪುಟದ ಕಲಾವಿದರಿಗೆ ಆ ನೆಪ ನಡೆಯುವುದಿಲ್ಲ.

ಕಾಗದದ ಪಟ್ಟಿ ಒಂದು ವಿಷಯದಲ್ಲಿ ಸುಳ್ಳು ಹೇಳುತ್ತದೆ. ಅದರಲ್ಲಿ ಅಂಚುಗಳ ನಡುವಿನ ಎರಡೂ ತೋಡುಗಳು ಒಂದೇ ಅಗಲ. ನಿಜವಾದ ಸುರುಳಿಯಲ್ಲಿ ಒಂದು ಅಗಲ, ಸುಮಾರು 2.2 ನ್ಯಾನೋಮೀಟರ್; ಇನ್ನೊಂದು ಕಿರಿದು, 1.2. ಬೇಸ್ ಜೋಡಿ ತನ್ನ ಎರಡು ಸಕ್ಕರೆಗಳನ್ನು ನೇರ ಎದುರುಬದುರಾಗಿ ಹಿಡಿಯದೆ ಒಂದು ಪಕ್ಕಕ್ಕೆ ವಾಲಿಸಿ ಹಿಡಿಯುವುದರಿಂದ ಈ ಏರುಪೇರು. ಅಗಲವಾದ ತೋಡಿನಲ್ಲಿ ಬೇಸ್‌ಗಳ ಅಂಚು ಚೆನ್ನಾಗಿ ತೆರೆದಿರುತ್ತದೆ. ಎಷ್ಟೋ ಪ್ರೋಟೀನುಗಳು ಸುರುಳಿಯನ್ನು ಬಿಚ್ಚದೆಯೇ ಅಲ್ಲಿ ಬೆರಳಾಡಿಸಿ ಅಕ್ಷರ ಓದಿಕೊಳ್ಳುತ್ತವೆ.

ಪಟ್ಟಿ ಕೈಯಲ್ಲಿರುವಾಗಲೇ ಒಂದು ಲೆಕ್ಕ. ಮನುಷ್ಯನ ಒಂದು ಜೀವಕೋಶದ 46 ವರ್ಣತಂತುಗಳ ಡಿಎನ್‌ಎಯನ್ನು ತುದಿಗೆ ತುದಿ ಸೇರಿಸಿದರೆ ಸುಮಾರು ಎರಡು ಮೀಟರ್. ನಿಮ್ಮ ಪಟ್ಟಿಯ ಅಳತೆಯಲ್ಲಿ ಅದು 20,000 ಕಿಲೋಮೀಟರ್, ಭೂಮಿಯ ಅರ್ಧ ಸುತ್ತಳತೆ. ಅದೇ ಅಳತೆಯಲ್ಲಿ ಕೋಶಕೇಂದ್ರ 60 ಮೀಟರ್ ಅಡ್ಡಗಲದ ಒಂದು ಚೆಂಡು. ಎರಡು ಸೆಂಟಿಮೀಟರಿನ ಹುರಿ, 20,000 ಕಿಲೋಮೀಟರ್, ಆ ಚೆಂಡಿನೊಳಗೆ! ಸಿಕ್ಕಾಗದಂತೆ ಸುತ್ತಿಡಲು ಹಿಸ್ಟೋನ್ ಎಂಬ ಪ್ರೋಟೀನುಗಳಿವೆ. ಎಂಟು ಹಿಸ್ಟೋನ್‌ಗಳ ಒಂದು ಉಂಡೆಗೆ 147 ಜೋಡಿ ಉದ್ದದ ಡಿಎನ್‌ಎ ಒಂದೂಮುಕ್ಕಾಲು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ಹೀಗೆ ಸುತ್ತಿದ ಉಂಡೆಗೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಮುಂದಿನ ಮಡಿಕೆಗಳ ಕತೆ ಬೇರೆ ಲೇಖನಕ್ಕಾಗುವಷ್ಟಿದೆ.

ಎಲ್ಲ ಡಿಎನ್‌ಎಗೂ ತುದಿ ಇರಲೇಬೇಕೆಂದೂ ಇಲ್ಲ. ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಅದು ಬಳೆಯಂತೆ ಕೂಡಿಕೊಂಡಿರುತ್ತದೆ. ನಮ್ಮದೇ ಕೋಶಗಳ ಮೈಟೋಕಾಂಡ್ರಿಯದಲ್ಲಿರುವುದೂ ಬಳೆಯೇ, 16,569 ಜೋಡಿಯದು.

8. ಓದಿ, ಬರೆದು, ಲೆಕ್ಕ ಹಾಕಿ

ಮೊದಲು ಪೂರಕ ಎಳೆ, ಅಂದರೆ ಎದುರಿನ ಎಳೆ. ಕೊಟ್ಟದ್ದು 5'-ಎ ಟಿ ಜಿ ಜಿ ಸಿ ಟಿ ಟಿ ಸಿ-3' ಎಂದಿಟ್ಟುಕೊಳ್ಳಿ. ಒಂದೇ ಏಟಿಗೆ ಉತ್ತರ ಬರೆಯಲು ಹೋಗಬೇಡಿ, ಎರಡು ಸಾಲಿನಲ್ಲಿ ಮಾಡಿ. ಕೆಳಗಿನ ಸಾಲಿನಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿ ಬರೆದು ತುದಿಗಳನ್ನು ಅದಲುಬದಲು ಮಾಡಿ: 3'-ಟಿ ಎ ಸಿ ಸಿ ಜಿ ಎ ಎ ಜಿ-5'. ಆಮೇಲೆ ಬಲದಿಂದ ಎಡಕ್ಕೆ ಓದಿ ಮೂರನೇ ಸಾಲು: 5'-ಜಿ ಎ ಎ ಜಿ ಸಿ ಸಿ ಎ ಟಿ-3'. ಜಲಜನಕ ಬಂಧ ಎಷ್ಟು? ಎ-ಟಿ ಜೋಡಿ ನಾಲ್ಕು, ಜಿ-ಸಿ ಜೋಡಿ ನಾಲ್ಕು. 8 ಮತ್ತು 12, ಒಟ್ಟು 20.

ಇನ್ನು ಶೇಕಡಾ ಲೆಕ್ಕ. ಎ ಎಷ್ಟೋ ಟಿ ಅಷ್ಟೇ, ಜಿ ಎಷ್ಟೋ ಸಿ ಅಷ್ಟೇ ಎಂದು 1950ರ ಹೊತ್ತಿಗೆ ಅಳೆದು ತೋರಿಸಿದವರು ಜೀವರಸಾಯನಶಾಸ್ತ್ರಜ್ಞ ಅರ್ವಿನ್ ಚಾರ್ಗಾಫ್. ಅದಕ್ಕೂ ಮೊದಲು ನಾಲ್ಕೂ ಬೇಸ್ ಸಮಸಮ, ಅದೇ ನಾಲ್ಕು ಸುಮ್ಮನೆ ಮರುಕಳಿಸುತ್ತವೆ ಎಂಬ ನಂಬಿಕೆ ಬಲವಾಗಿತ್ತು, ಅಂಥ ಸಪ್ಪೆ ಅಣು ಮಾಹಿತಿ ಹೊತ್ತೀತೆಂದು ಹೆಚ್ಚಿನವರಿಗೆ ಅನಿಸಿರಲಿಲ್ಲ. ಮನುಷ್ಯನಲ್ಲಿ ಎ ಮತ್ತು ಟಿ ಶೇ 30ರ ಆಸುಪಾಸು, ಜಿ ಮತ್ತು ಸಿ ಶೇ 20ರ ಆಸುಪಾಸು.

ಒಂದು ಜೋಡಿ ಎಳೆಯ ಡಿಎನ್‌ಎಯಲ್ಲಿ ಜಿ ಶೇ 22 ಇದ್ದರೆ ಎ ಎಷ್ಟು? ಸಿ ಕೂಡ 22, ಎರಡೂ ಸೇರಿ 44. ಉಳಿದ 56ರಲ್ಲಿ ಅರ್ಧ ಎ, ಅಂದರೆ 28. ಇಲ್ಲಿ 100ರಿಂದ 22 ಕಳೆದು ಮೂರರಿಂದ ಭಾಗಿಸುವವರೂ ಇದ್ದಾರೆ, ಹಾಗೆ ಮಾಡಬೇಡಿ. ಎರಡನೇ ಎಚ್ಚರಿಕೆ: ಈ ಸಮತೂಕ ಜೋಡಿ ಎಳೆಗೆ ಮಾತ್ರ. ಎ 24, ಟಿ 31, ಜಿ 23, ಸಿ 22 ಎಂದು ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ಮುದ್ರಣದೋಷ ಎಂದು ಮುಂದೆ ಹೋಗಬೇಡಿ, ಅದು ಒಂಟಿ ಎಳೆ. ಕೆಲವು ವೈರಸ್‌ಗಳ ಡಿಎನ್‌ಎ ಹಾಗೇ ಒಂಟಿಯಾಗಿರುತ್ತದೆ, ಫೈ ಎಕ್ಸ್ 174 ಎಂಬುದು ಅದರಲ್ಲಿ ಹೆಸರುವಾಸಿ.

ಕೊನೆಯ ಅಭ್ಯಾಸವನ್ನು ನೀವೇ ಮಾಡಿ. 5'-ಜಿ ಎ ಎ ಟಿ ಟಿ ಸಿ-3'. ಇದರ ಪೂರಕ ಎಳೆಯನ್ನು ಮೇಲಿನಂತೆ ಮೂರು ಸಾಲಿನಲ್ಲಿ ಬರೆಯಿರಿ, ಆಮೇಲೆ ಮುಂದೆ ಓದಿ.

ಮೂರನೇ ಸಾಲಿನಲ್ಲಿ ಮತ್ತೆ ಜಿ ಎ ಎ ಟಿ ಟಿ ಸಿ ಎಂದೇ ಬಂದಿದ್ದರೆ ಗಾಬರಿ ಬೇಡ, ನೀವು ಮೊದಲ ಸಾಲನ್ನೇ ನಕಲು ಮಾಡಿಲ್ಲ. ಇದು ಡಿಎನ್‌ಎಯ ವಿಕಟಕವಿ. ಆದರೆ ನಮ್ಮ ವಿಕಟಕವಿಯನ್ನು ಒಂದೇ ಸಾಲಿನಲ್ಲಿ ಹಿಂದುಮುಂದು ಓದುತ್ತೇವೆ, ಇದನ್ನು ಒಂದು ಎಳೆಯಲ್ಲಿ ಮುಂದಕ್ಕೆ, ಎದುರಿನ ಎಳೆಯಲ್ಲಿ ಹಿಂದಕ್ಕೆ ಓದಬೇಕು. ಇಕೋ ಆರ್‌ಐ ಎಂಬ ಕಿಣ್ವ ಈ ಆರು ಅಕ್ಷರ ಕಂಡಲ್ಲೆಲ್ಲ ಎರಡೂ ಎಳೆಗಳನ್ನು ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ನಿಮ್ಮ ಹಾಳೆಯ ಮೇಲೆ ಎರಡೂ ಎಳೆಯ ಆ ಜಾಗಕ್ಕೆ ಗೀಟು ಹಾಕಿ ನೋಡಿ. ಗೀಟುಗಳು ಎದುರುಬದುರು ಬೀಳದೆ ಮೆಟ್ಟಿಲಿನಂತೆ ನಾಲ್ಕು ಅಕ್ಷರ ದೂರ ಬಿದ್ದಿದ್ದರೆ ದಿಕ್ಕು ಸರಿಯಾಗಿದೆ. ಎದುರುಬದುರಾಗಿ ಬಿದ್ದಿದ್ದರೆ ಐದನೇ ಹಂತದ ಆ ಕಾಗದದ ಚೂರನ್ನು ಹುಡುಕಿ ತೆಗೆಯಿರಿ, ಎಲ್ಲೋ ತಿರುಗಿಸುವ ಬದಲು ಮಗುಚಿದ್ದೀರಿ.